ಗೋಡೆಗೆ ಮುಖ ಮಾಡಿದ ಅಂತೋಣಿಯವರು

ಹೋದ ಜೂನ್‌ನಲ್ಲಿ, ತಮಿಳು ಸೀಮೆಯ ಪೆರಂಬೂರಿನ ನಮ್ಮ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಡೆದದ್ದು ಇದು. ಆರು ವರ್ಷದ ನನ್ನ ಮಗಳು ಅನಿಟಾಗೆ ಒಂಬತ್ತು ದಿನವಾದರೂ ಜ್ವರ ಬಿಟ್ಟಿರಲಿಲ್ಲ. ಡಾಕ್ಟರು ಎರಡು ಸಲ ಔಷಧಿ ಬದಲಾಯಿಸಿದ್ದರು. ಕೊನೆಗೆ ನಮ್ಮತ್ತೆ, ಕನಕಪುರದ ಕಡೆಯವರು, ತಮ್ಮೂರಿನ ಹಳೇ ರೂಢಿಯಂತೆ ಮೂಲೆಯ ಹಲಗೆಯ ಮೇಲಿದ್ದ ಸಂತ ಅಂತೋಣಿಯವರ ಸ್ವರೂಪವನ್ನು, ಆ ಪುಟ್ಟ ಪ್ರತಿಮೆಯನ್ನು, ಗೋಡೆಗೆ ಮುಖ ಮಾಡಿ ನಿಲ್ಲಿಸಿದರು.

"ಮಗೀನ ಜ್ವರ ಇಳಿಯೋಗಂಟ ಹಿಂಗೇ ನಿಂತಿರಪ್ಪ. ಆಮೇಲೆ ಮಾತಾಡುಸ್ತೀನಿ."

ಮಾರನೆಯ ಬೆಳಿಗ್ಗೆ ಮಗುವಿನ ಮೈ ತಣ್ಣಗಾಗಿತ್ತು. ಎದ್ದು ಕೂತು ಇಡ್ಲಿ ಕೇಳಿತು. ಕಣ್ಣೊರೆಸಿಕೊಳ್ಳುತ್ತ ಸ್ವರೂಪವನ್ನು ತಿರುಗಿಸಲು ಹೋದ ಅತ್ತೆ ಕೈ ಹಿಂದಕ್ಕೆಳೆದುಕೊಂಡರು.

"ಫಿಲೋಮಿನ, ಒಸಿ ಮುಟ್ಟಿ ನೋಡವ್ವ," ಎಂದು ನನ್ನನ್ನು ಕರೆದರು.

ಅಂತೋಣಿಯವರ ಹಣೆ, ಕೊರಳು ಸುಡುತ್ತಿದ್ದವು. ಅದು ಬಿಸಿಲು ಬೀಳದ ಮೂಲೆ. ಗೋಡೆ ಮುಟ್ಟಿದೆ, ಹಲಗೆ ಮುಟ್ಟಿದೆ, ಎರಡೂ ತಣ್ಣಗಿದ್ದವು. ಅವರ ತೋಳಿನಲ್ಲಿದ್ದ ಬಾಲಯೇಸುವೂ ತಣ್ಣಗಿದ್ದ.

"ಪಾಟಿ, ಅವರಿಗೂ ಕಾಯ್ಚಲಾ?" ಎಂದು ಅಜ್ಜಿಯನ್ನು ಕೇಳಿದಳು ಅನಿಟಾ. ಜ್ವರಕ್ಕೆ ಅವಳ ಬಾಯಲ್ಲಿ ಬರುವುದು ತಮಿಳು ಮಾತೇ.

"ಇರಬೋದು ಕಣವ್ವ," ಎಂದ ಅತ್ತೆ, ಬಟ್ಟೆ ಒದ್ದೆ ಮಾಡಿ ಸಂತರ ಹಣೆಗಿಟ್ಟು, ಕೃತಜ್ಞತೆಗೆಂದು ಜಪಸರ ಹಿಡಿದು ಕೂತರು. ಜಪ ಮುಗಿಯುವಷ್ಟರಲ್ಲಿ ಬಟ್ಟೆ ಒಣಗಿತ್ತು. ಸಂಜೆಯವರೆಗೆ ನಾನದನ್ನು ಏಳು ಸಲ ಒದ್ದೆ ಮಾಡಿದೆ. ಏಳು ಸಲವೂ ಒಣಗಿತು.