ಚಿಗರಿ ಚಿತ್ರದ ಖಾಲಿ ಕಾರ್ಡು

ಸಂಶಿಯ ಸಂತೆಯ ದಿನ ಮಧ್ಯಾಹ್ನ ಬಾಷಾಸಾಬ ತನ್ನ ರಿಪೇರಿ ಅಂಗಡಿಯಲ್ಲಿ ಒಂದು ಗೋಡೆ ಗಡಿಯಾರ ಬಿಚ್ಚಿ ಕೂತಿದ್ದಾಗ ಕುಬಿಹಾಳದ ಮಲ್ಲಿಕಾ ಏದುಸಿರು ಬಿಡುತ್ತ ಒಳಗೆ ಬಂದಳು. ಮೊಣಕೈಗಳಿಗೆ ಇನ್ನೂ ಎರೆಮಣ್ಣು ಮೆತ್ತಿತ್ತು, ಕಣ್ಣು ಕೆಂಪಾಗಿದ್ದವು.

"ಅಕ್ಕೋರು ಎಲ್ಲಿದ್ದಾರ್ರಿ ಕಾಕಾ? ನನ್ನ ಫೋಟೊ ಎಲ್ಲಾ ಹೋದ್ವು."

ಅಕ್ಕೋರು ಎಂದರೆ ಮಹಾನಂದಾ ಟೀಚರ್. ಮೂವತ್ತೊಂದು ವರ್ಷ ವಿಜ್ಞಾನ ಕಲಿಸಿ ನಿವೃತ್ತರಾದವರು. ಊರಲ್ಲಿ ಏನಾದರೂ ಕಾಣೆಯಾದರೆ ಜನ ಪೊಲೀಸ್ ಠಾಣೆಗಿಂತ ಮೊದಲು ಅವರ ಮನೆಗೆ ಹೋಗುತ್ತಿದ್ದರು. ಬಾಷಾಸಾಬ ಅವರ ಜೊತೆ ಹೋಗದ ಪ್ರಕರಣವೇ ಇರಲಿಲ್ಲ. ಅವನು ಅಂಗಡಿಗೆ ಅರ್ಧ ಬಾಗಿಲು ಎಳೆದು ಮಲ್ಲಿಕಾಳ ಜೊತೆ ಹೊರಟ.

ಟೀಚರ್ ಜಗಲಿಯ ಮೇಲೆ ಕಡಲೆ ಆರಿಸುತ್ತಿದ್ದರು. ಮಲ್ಲಿಕಾಳನ್ನು ಕೂಡಿಸಿ, ನೀರು ಕೊಟ್ಟು, ಮುಂಜಾನೆಯಿಂದ ಆದದ್ದನ್ನು ಒಂದೂ ಬಿಡದೆ ಹೇಳೆಂದರು.

ಕುಬಿಹಾಳದ ಹೊಲದಲ್ಲಿ ಸೂರ್ಯ ಹುಟ್ಟುವ ಹೊತ್ತಿಗೆ ಒಂದು ಗಂಡು ಚಿಗರಿ, ಅಂದರೆ ಕೃಷ್ಣಮೃಗ, ಕಡಲೆಯ ಸಾಲಿನ ಮೇಲಿಂದ ಜಿಗಿದಿತ್ತು. ಮಲ್ಲಿಕಾ ಅದನ್ನು ಕ್ಯಾಮೆರಾದಲ್ಲಿ ಹಿಡಿದಿದ್ದಳು. ಧಾರವಾಡದ ಛಾಯಾಚಿತ್ರ ಪ್ರದರ್ಶನಕ್ಕೆ ಫೋಟೊ ಕಳಿಸಲು ಅಂದೇ ಸಂಜೆ ಕೊನೆಯ ಗಡುವು. ಸಂಶಿಗೆ ಬರುವಷ್ಟರಲ್ಲಿ ಬ್ಯಾಟರಿ ಪೂರ್ತಿ ಇಳಿದುಹೋಗಿ ಕ್ಯಾಮೆರಾ ಚಾಲೂ ಆಗುತ್ತಿರಲಿಲ್ಲ. ಸಂತೆಯಲ್ಲಿ ಫಿಲ್ಟರು, ಬ್ಯಾಟರಿ, ಸ್ಟ್ಯಾಂಡು ಮಾರುವ ಹುಲಿಗೇಶ ಕ್ಯಾಮೆರಾ ಕೈಗೆ ತೆಗೆದುಕೊಂಡು, ಮುಚ್ಚಳ ತೆರೆದು ನೋಡಿ, ಆ ಅಳತೆಯದು ತನ್ನಲ್ಲಿಲ್ಲ ಎಂದ. ಆಮೇಲೆ ಚಹಾದಂಗಡಿಯಲ್ಲಿ ಸ್ಟುಡಿಯೊದ ಪ್ರತಾಪ ಸಿಕ್ಕ. ಮಲ್ಲಿಕಾ ಫೋಟೊ ಕಲಿತದ್ದು ಅವನ ಹತ್ತಿರ. ತಾನು ಬಳಸುವಂಥದ್ದೇ ಕ್ಯಾಮೆರಾ ಅವಳಿಗೂ ಕೊಡಿಸಿದ್ದ. ಅವನಿಗೆ ಒಂದು ಬ್ಯಾಟರಿ ಕೇಳಿದಳು. "ನಂದು ನಿನ್ನದಕ್ಕ ಕುಂದ್ರಂಗಿಲ್ಲ" ಎಂದನಂತೆ. ಚೀಲ ಅವನ ಬಳಿ ಇಟ್ಟು ನಳದಲ್ಲಿ ಮುಖ ತೊಳೆದು ಬಂದಳು. ಕೊನೆಗೆ ನದೀಮನ ಕಂಪ್ಯೂಟರ್ ಅಂಗಡಿಗೆ ಹೋಗಿ ಕಾರ್ಡು ಹಾಕಿಸಿದರೆ ಅದು ಖಾಲಿ.

"ನದೀಮನ ಸಾಫ್ಟ್‌ವೇರೇ ಅಳಿಸಿ ಹಾಕೇತ್ರಿ" ಎಂದಳು ಮಲ್ಲಿಕಾ. "ಬಜಾರಿನ್ಯಾಗ ಎಲ್ಲಾರೂ ಅದನ್ನ ಅನ್ನಾಕತ್ತಾರ."

ಬಾಷಾಸಾಬ ನಡುವೆ ಬಾಯಿ ಹಾಕಲು ಹೊರಟ. ನದೀಮ ಅವನ ಅಕ್ಕನ ಮಗ. ಆದರೆ ಟೀಚರ್ ಕೇಳಿದ್ದು ಒಂದೇ: "ಆ ಕಾರ್ಡಿಗೆ ಆಮ್ಯಾಲ ಹೊಸ ಫೋಟೊ ತಗದೀಯೇನು?" ಇಲ್ಲವೆಂದಾಗ ಅವರು ಮೊರ ಬದಿಗಿಟ್ಟು ಎದ್ದರು.

ಅಂಗಡಿಯಲ್ಲಿ ನದೀಮ ಮುಖ ಬಾಡಿಸಿಕೊಂಡು ಕೂತಿದ್ದ. ಟೀಚರ್ ಕಾರ್ಡನ್ನು ಮತ್ತೆ ತೆರೆಯಿಸಿದರು. ಒಳಗೆ ಫೋಟೊ ಒಂದೂ ಇರಲಿಲ್ಲ, ಒಂದು ಖಾಲಿ ಫೋಲ್ಡರ್ ಮಾತ್ರ ಇತ್ತು. ಅದರ ಹೆಸರಲ್ಲಿ ಮೂರು ಅಂಕಿ, ಕೆಲವು ಅಕ್ಷರ. ಅವರು ಅದನ್ನು ಕಾಗದದ ತುಣುಕಿಗೆ ಬರೆದುಕೊಂಡರು. ಮಲ್ಲಿಕಾಳ ಹಳೆಯ ಕಾರ್ಡೊಂದನ್ನು ಹಾಕಿಸಿ, ಅದರ ಫೋಲ್ಡರಿನ ಹೆಸರನ್ನೂ ಕೆಳಗೆ ಬರೆದರು. ಬಾಷಾಸಾಬ ಭುಜದ ಮೇಲಿಂದ ಬಗ್ಗಿ ನೋಡಿದ. ಅಂಕಿ ಒಂದೇ, ಅಕ್ಷರ ಬೇರೆ. ಅದರಲ್ಲೇನು ವಿಶೇಷವೋ ಅವನಿಗೆ ತಿಳಿಯಲಿಲ್ಲ.

ಟೀಚರ್ ನದೀಮನಿಗೆ ಅಳಿಸಿದ ಫೋಟೊ ಹೊರತೆಗೆಯುವ ಸಾಫ್ಟ್‌ವೇರ್ ಯಾವುದಿದೆ ಎಂದು ಕೇಳಿದರು. ಅವನು ಎರಡು ತೋರಿಸಿದ. ಒಂದು ಮೊಬೈಲ್ ಫೋಟೊಗಳಿಗೆ ಸಾಕಾಗುವಂಥದ್ದು. ಇನ್ನೊಂದು ನಿಧಾನ, ಆದರೆ ದೊಡ್ಡ ಕ್ಯಾಮೆರಾದ ಮೂಲ ಕಡತಗಳನ್ನೂ ಗುರುತಿಸುತ್ತಿತ್ತು. ಟೀಚರ್ ಎರಡನೆಯದನ್ನೇ ಹಚ್ಚಲು ಹೇಳಿ, ಪ್ರತಾಪನನ್ನೂ ಹುಲಿಗೇಶನನ್ನೂ ಕರೆದು ತರಲು ಬಾಷಾಸಾಬನನ್ನು ಕಳಿಸಿದರು.

ಅರ್ಧ ಗಂಟೆಯಲ್ಲಿ ಎಲ್ಲರೂ ಸೇರಿದರು. ಹುಲಿಗೇಶ ಗಿರಾಕಿ ಬಿಟ್ಟು ಬಂದದ್ದಕ್ಕೆ ಗೊಣಗುತ್ತಿದ್ದ. ಪ್ರತಾಪ ಚೀಲ ಹೆಗಲಿಗೆ ಹಾಕಿಕೊಂಡೇ ಬಾಗಿಲ ಬಳಿ ನಿಂತ.

ಟೀಚರ್ ತರಗತಿಯಲ್ಲಿ ಪಾಠ ಮಾಡುವಂತೆ ಶುರು ಮಾಡಿದರು. ಕಾರ್ಡನ್ನು ಮಲ್ಲಿಕಾಳ ಕ್ಯಾಮೆರಾದಲ್ಲಿ ಅಳಿಸಲು ಸಾಧ್ಯವಿರಲಿಲ್ಲ, ಏಕೆಂದರೆ ಬ್ಯಾಟರಿ ಸತ್ತಿತ್ತು. ಹಾಗಾದರೆ ಕಂಪ್ಯೂಟರಿನಲ್ಲಿ ಆಗಿರಬೇಕು, ಇಲ್ಲವೇ ಇನ್ನೊಂದು ಕ್ಯಾಮೆರಾದಲ್ಲಿ. ಕಂಪ್ಯೂಟರಿನಲ್ಲಿ ಕಾರ್ಡು ಫಾರ್ಮ್ಯಾಟ್ ಮಾಡಿದರೆ ಅದು ಬೋಳಾಗುತ್ತದೆ, ಫೋಲ್ಡರ್ ಕೂಡ ಉಳಿಯುವುದಿಲ್ಲ. ಬರೀ ಫೋಟೊ ಅಳಿಸಿದರೆ ಮಲ್ಲಿಕಾಳ ಕ್ಯಾಮೆರಾ ಮಾಡಿದ ಫೋಲ್ಡರೇ ಉಳಿಯಬೇಕಿತ್ತು. ಇಲ್ಲಿ ಎರಡೂ ಆಗಿರಲಿಲ್ಲ.

"ಫಾರ್ಮ್ಯಾಟ್ ಮಾಡಿದ ಕ್ಯಾಮೆರಾ ತನ್ನ ಕಂಪನಿ ಹೆಸರಿನ ಫೋಲ್ಡರ್ ಬಿಟ್ಟು ಹೋಗತೈತಿ" ಎಂದು ಕಾಗದ ಮೇಲೆತ್ತಿದರು. "ಮಲ್ಲಿಕಾಂದು ಒಂದು ಕಂಪನಿ. ಈ ಕಾರ್ಡಿನ್ಯಾಗ ಇರೋ ಹೆಸರು ಇನ್ನೊಂದು ಕಂಪನೀದು. ನದೀಮನ ಅಂಗಡ್ಯಾಗ ಕ್ಯಾಮೆರಾನ ಇಲ್ಲ. ಹುಲಿಗೇಶ ಬರೇ ಸಾಮಾನು ಮಾರತಾನ, ಕ್ಯಾಮೆರಾ ಇಟ್ಟುಕೊಂಡಿಲ್ಲ."

ಎಲ್ಲರೂ ಪ್ರತಾಪನ ಕಡೆ ನೋಡಿದರು. ಬಾಷಾಸಾಬನಿಗೆ ಇದು ಸರಿ ಬರಲಿಲ್ಲ. "ಪ್ರತಾಪಂದೂ ಮಲ್ಲಿಕಾಂದೂ ಒಂದ ಕಂಪನಿ ಅಲ್ಲೇನ್ರಿ ಅಕ್ಕೋರ?"

"ಹಂಗಿದ್ದರ ಅವನ ಬ್ಯಾಟರಿ ಅವಳ ಕ್ಯಾಮೆರಾಕ್ಕ ಕುಂದ್ರಬೇಕಾಗಿತ್ತಲ್ಲರಿ, ಬಾಷಾಸಾಬ್ರ?"

ಟೀಚರ್ ದನಿ ಏರಿಸದೆ, ಚೀಲದಲ್ಲಿರುವ ಕ್ಯಾಮೆರಾ ತೋರಿಸಲು ಪ್ರತಾಪನಿಗೆ ಹೇಳಿದರು. ಅವನು ಜಿಪ್ಪು ಎಳೆದು ಅದನ್ನು ಹೊರತೆಗೆದ. ಹೊಸ ಕ್ಯಾಮೆರಾ, ಅದರ ಹಣೆಯ ಮೇಲಿದ್ದ ಹೆಸರಿಗೂ ಕಾಗದದ ಮೇಲಿನ ಅಕ್ಷರಗಳಿಗೂ ತಾಳೆಯಾಯಿತು.

ಅವನು ಸುಳ್ಳು ಹೇಳಲಿಲ್ಲ. ಪ್ರದರ್ಶನಕ್ಕೆಂದೇ ಹೊಸದು ಕೊಂಡಿದ್ದ, ಲೆನ್ಸು ದೊಡ್ಡದು, ಸ್ಟ್ಯಾಂಡು ಗಟ್ಟಿಯದು. ಅಷ್ಟೆಲ್ಲ ಹೊತ್ತು ವಾರಗಟ್ಟಲೆ ತಿರುಗಿದರೂ ಅವನಿಗೆ ಒಂದೂ ಒಳ್ಳೆಯ ಚಿತ್ರ ಸಿಕ್ಕಿರಲಿಲ್ಲ. ಚಹಾದಂಗಡಿಯಲ್ಲಿ ಮಲ್ಲಿಕಾ ಚಿಗರಿಯ ಜಿಗಿತ ವರ್ಣಿಸಿ ಮುಖ ತೊಳೆಯಲು ಹೋದಾಗ ಅವಳ ಕಾರ್ಡನ್ನು ತನ್ನ ಕ್ಯಾಮೆರಾಕ್ಕೆ ಹಾಕಿ ಅಳಿಸಿದನಂತೆ.

"ನನ್ನ ಅಂಗಡ್ಯಾಗ ಕ್ಯಾಮೆರಾ ಹಿಡಿಯೂದು ಕಲತಾಕಿ" ಎಂದ, ನೆಲ ನೋಡುತ್ತ. "ನನಗಿಂತ ಮುಂದ ಹೋದ್ಲು ಅಂತ ಜನ ಅನ್ನೂದು ನನಗ ತಡಕೊಳ್ಳಾಕ ಆಗಲಿಲ್ಲರಿ."

ಅಷ್ಟರಲ್ಲಿ ನದೀಮ ಎಲ್ಲರನ್ನೂ ಕರೆದ. ಪರದೆಯ ಮೇಲೆ ಒಂದೊಂದಾಗಿ ಚೌಕಗಳು ಮೂಡುತ್ತಿದ್ದವು. ಕಾರ್ಡು ಫಾರ್ಮ್ಯಾಟ್ ಆದರೂ ಅದರ ಮೇಲೆ ಏನೂ ಬರೆದಿರದಿದ್ದರಿಂದ ಚಿತ್ರಗಳು ಒಳಗೇ ಉಳಿದಿದ್ದವು. ಬೇಲಿ, ಮಂಜು, ಖಾಲಿ ಹೊಲ. ಆಮೇಲೆ ಅದು ಬಂತು: ನಾಲ್ಕೂ ಕಾಲು ನೆಲ ಬಿಟ್ಟ ಕರಿ ಚಿಗರಿ, ತಿರುಚಿದ ಕೋಡುಗಳ ನಡುವೆ ಕೆಂಪು ಸೂರ್ಯ, ಕೆಳಗೆ ಕಡಲೆ ಗಿಡದಿಂದ ಸಿಡಿದ ಇಬ್ಬನಿ.

ಮೊದಲು ಬಾಯಿ ಬಿಟ್ಟವನು ಪ್ರತಾಪನೇ. "ಇದನ್ನ ಅಳಿಸಿದ್ನೇನು ನಾನು" ಎಂದು ತನಗೇ ಹೇಳಿಕೊಂಡ.

ಪೊಲೀಸರಿಗೆ ಹೇಳಬೇಕೇ ಎಂದು ಟೀಚರ್ ಕೇಳಿದಾಗ ಮಲ್ಲಿಕಾ ಬೇಡವೆಂದಳು. ಆದರೆ ನದೀಮನ ಹೆಸರು ಕೆಟ್ಟದ್ದು ಬಜಾರಿನಲ್ಲಿ, ಆದ್ದರಿಂದ ಪ್ರತಾಪ ಬಜಾರಿನಲ್ಲೇ ನಿಂತು ನಿಜ ಹೇಳಬೇಕೆಂದಳು. ತಾನೂ ದುಡುಕಿ ತಪ್ಪು ಹೊರಿಸಿದ್ದಕ್ಕೆ ನದೀಮನಿಗೆ ಕೈ ಮುಗಿದಳು. ಪ್ರತಾಪ ಚಹಾದಂಗಡಿಯ ಮುಂದೆ ನಿಂತು ಹೇಳಿದ. ನದೀಮ ಆರು ಗಂಟೆಯೊಳಗೆ ಫೋಟೊ ಕಳಿಸಿದ.

ಪ್ರದರ್ಶನಕ್ಕೆ ಕುಬಿಹಾಳದಿಂದ ಒಂದು ಟೆಂಪೊ ತುಂಬ ಜನ ಹೋದರು. ಚಿಗರಿಯ ಚಿತ್ರ ಬಾಗಿಲಿನ ಎದುರು ಗೋಡೆಗೇ ತೂಗುತ್ತಿತ್ತು, ಕೆಳಗೆ ಮೊದಲ ಬಹುಮಾನದ ಚೀಟಿ. ಮಲ್ಲಿಕಾಳ ತಾಯಿ ದುರಗವ್ವ ಇಡೀ ದಿನ ಅದರ ಬಾಜುವೇ ನಿಂತು, ಬಂದವರಿಗೆಲ್ಲ ಕೇಳದಿದ್ದರೂ ಇದು ನನ್ನ ಮಗಳು ತೆಗೆದದ್ದು ಎಂದು ಹೇಳಿದಳು. ಬಾಷಾಸಾಬನೂ ಸುಮ್ಮನಿರಲಿಲ್ಲ, ಇದನ್ನು ಉಳಿಸಿಕೊಟ್ಟ ಟೀಚರ್ ನಮ್ಮೂರಿನವರು ಎಂದು ಎಷ್ಟು ಜನರಿಗೆ ಹೇಳಿದನೋ ಅವನಿಗೇ ಲೆಕ್ಕ ತಪ್ಪಿತು.

ಸಂಜೆಗೆ ಪತ್ರಿಕೆಯವನೊಬ್ಬ ಬಂದು ಯಾವ ಕ್ಯಾಮೆರಾ, ಯಾವ ಲೆನ್ಸು, ಯಾವ ಫಿಲ್ಟರು, ಯಾವ ಸಾಫ್ಟ್‌ವೇರು ಎಂದು ಮಲ್ಲಿಕಾಳನ್ನು ಕೇಳಿ ಎಲ್ಲ ಬರೆದುಕೊಂಡ. ಅವಳು ಎಲ್ಲಕ್ಕೂ ಉತ್ತರ ಕೊಟ್ಟಳು. ಅವನು ಪೆನ್ನು ಜೇಬಿಗೆ ಸೇರಿಸುವಾಗ ತಡೆದಳು.

"ನಾಲ್ಕು ದಿನ ಮುಂಜಾನಿ ಥಂಡ್ಯಾಗ ಹೊಲದಾಗ ಬೋರಲ ಮಲಗಿದ್ದೆರಿ" ಎಂದಳು. "ಅದನ್ನೂ ಬರಕೋರಿ."