ಸಂಜೆಯ ಗುರುತುಗಳು

ಶವಸಂಸ್ಕಾರ ಮುಗಿದು ನೆಂಟರೆಲ್ಲ ಹೊರಟುಹೋದ ಮೇಲೆ ಬಂದ ಮೊದಲ ಮಾಮೂಲಿ ಬೆಳಗು. ಕಸದ ಗಾಡಿ ಬಂತು. ನಲ್ಲಿಯಲ್ಲಿ ನೀರು ಬಂತು. ನಾನು ಒಗೆಯಲೆಂದು ಹಾಸಿಗೆಯ ಮೇಲಿನ ಚಾದರ ಎಳೆದೆ. ಅದಕ್ಕೊಂದು ಬಿಳಿ ಸ್ಟಿಕರ್ ಅಂಟಿಕೊಂಡಿತ್ತು. ನನ್ನ ಗಂಡನ ಎದೆಯ ಮೇಲಿದ್ದದ್ದು. ಅದರಲ್ಲಿ ಅವನ ಎರಡು ರೋಮಗಳಿದ್ದವು.

ಚಾದರವನ್ನು ಒಗೆಯದೆ ಮಡಿಸಿಟ್ಟೆ.

ಆಗಲೇ ಫೋನು ಜೋರಾಗಿ ಹೊಡೆದುಕೊಂಡಿತು. ಹೃದಯ ಪರೀಕ್ಷೆ ಮಾಡುವ ಲ್ಯಾಬಿನ ಟೆಕ್ನಿಷಿಯನ್.

"ಮೇಡಂ, ಇಂಥ ಹೊತ್ತಲ್ಲಿ ಕೇಳೋಕೆ ನಾಲಿಗೆ ಬರಲ್ಲ. ನಿಮ್ಮ ಯಜಮಾನ್ರು ಒಂದು ದಿನಕ್ಕೆ ಅಂತ ಕಟ್ಟಿಸ್ಕೊಂಡು ಹೋದ ಹೋಲ್ಟರ್ ಮೆಷಿನ್ನು..."

"ಇಲ್ಲಿಲ್ಲ. ಸಿಕ್ಕರೆ ಹೇಳ್ತೀನಿ" ಎಂದೆ.

ಇತ್ತು. ಬೀರುವಿನಲ್ಲಿ, ನನ್ನ ಸ್ವೆಟರುಗಳ ನಡುವೆ. ಬೆಂಕಿಪೊಟ್ಟಣದಷ್ಟಿನ ಯಂತ್ರ; ಹಗಲೂ ರಾತ್ರಿ ಎದೆಯ ಬಡಿತವನ್ನು ಬರೆದುಕೊಳ್ಳುತ್ತದೆ. ಅವನು ಹೋದ ದಿನ ಬೆಳಿಗ್ಗೆ, ಅವನ ಮೈ ತಣ್ಣಗಿದ್ದಾಗ, ಜನ ಸೇರುವ ಮುಂಚೆ, ನಾನೇ ಅದನ್ನು ಬಿಚ್ಚಿದ್ದೆ. ಅವನ ಕೊನೆಯ ರಾತ್ರಿ ಅದರೊಳಗಿದೆ. ಅವನು ಎಚ್ಚರಗೊಂಡಿದ್ದನೇ, ಒದ್ದಾಡಿದ್ದನೇ, ಒಂದು ಮೊಳ ದೂರದಲ್ಲಿ ನಾನು ಮಲಗೇ ಇದ್ದೆನೇ? ಓದಬಲ್ಲವರು ಅದನ್ನು ಓದುತ್ತಾರೆ. ಆಮೇಲೆ ನನಗೆ ಹೇಳುತ್ತಾರೆ.

ಹಾಲ್‌ಗೆ ಬಂದರೆ, ನಮ್ಮ ಜೊತೆಯೇ ಇರುವ ನಾದಿನಿ ಗೋಡೆ ಹಿಡಿದು ನೆಲಕ್ಕೆ ಕೂತಿದ್ದಳು. ತುಟಿ ಬಿಳಿಚಿತ್ತು.

"ಏನಾಯ್ತೇ?"

"ಏನಿಲ್ಲ ಅತ್ತಿಗೆ. ಫೋನ್ ಸದ್ದಿಗೆ ಬೆಚ್ಚಿಬಿದ್ದೆ. ಕಣ್ಣಿಗೆ ಕತ್ತಲೆ ಬಂತು."

ಅವಳಣ್ಣನೂ ಹಾಗೆಯೇ ಹೇಳಿದ್ದ. ಅಲಾರಂ ಸದ್ದಿಗೆ ಎದ್ದವನು ಮಂಚದ ಪಕ್ಕದಲ್ಲೇ ಕುಸಿದಿದ್ದ. ಇಸಿಜಿ ಸರಿಯಾಗಿಯೇ ಬಂದಿತ್ತು. ಆದರೂ ಡಾಕ್ಟರು ಅನುಮಾನಪಟ್ಟು ಹೋಲ್ಟರ್ ಹಾಕಿಸಿದ್ದರು. ಅವನು ಹೋದ ಮೇಲೆ ಅದೇ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು: ಇದು ಹೃದಯದ ವಿದ್ಯುತ್ತಿನ ದೋಷ ಇರಬಹುದು, ಒಡಹುಟ್ಟಿದವರಲ್ಲೂ ಇರಬಹುದು. ಈಗ ಮಾತ್ರೆಗಳಿವೆ, ಜೀನ್ ಪರೀಕ್ಷೆ ಇದೆ, ಬಡಿತ ತಪ್ಪಿದರೆ ಒಳಗಿನಿಂದಲೇ ಸರಿಮಾಡುವ ಪುಟ್ಟ ಯಂತ್ರವನ್ನು ಎದೆಯಲ್ಲಿ ಕೂರಿಸುತ್ತಾರೆ. ಆದರೆ ಯಾವ ಬಗೆಯ ದೋಷವೆಂದು ಮೊದಲು ತಿಳಿಯಬೇಕು. ತಂಗಿಯ ಇಸಿಜಿಯೂ ಸರಿಯಾಗಿದೆ. ಅಣ್ಣನ ಆ ರಾತ್ರಿಯ ದಾಖಲೆ ಸಿಕ್ಕರೆ ದಾರಿ ಕಾಣುತ್ತದೆ.

ನಾನು ತಲೆಯಾಡಿಸಿದ್ದೆ, ಅಷ್ಟೇ. ಜೀವಶಾಸ್ತ್ರ ಓದಿದವಳು ನಾನು. ಹೃದಯವೊಂದು ಸ್ನಾಯು ಎಂದು ಬರೆದು ಅಂಕ ತಗೊಂಡವಳು.

ನಾದಿನಿಗೆ ನೀರು ಕೊಟ್ಟೆ. ಒಂದು ಗುಟುಕು ಕುಡಿದು ಲೋಟವನ್ನೇ ನೋಡುತ್ತಾ ಹೇಳಿದಳು:

"ಎರವಲು ತಂದಿದ್ದನ್ನ ಅಣ್ಣ ಯಾವತ್ತು ವಾಪಸ್ ಕೊಟ್ಟಿದಾನೆ? ಪಕ್ಕದ ಮನೆಯವರ ಏಣಿ ಇನ್ನೂ ನಮ್ಮ ಬಚ್ಚಲಲ್ಲೇ ಇದೆ."

"ಲಿಫ್ಟ್ ಮೆಕ್ಯಾನಿಕ್‌ಗೆ ಏಣಿ ಯಾಕೆ ಅಂತ ಅವರೂ ಕೇಳಲಿಲ್ಲ ಬಿಡು."

ಇಬ್ಬರೂ ನಗಲು ಹೋಗಿ ಬಿಟ್ಟೆವು. ಅವನು ನನಗೆ ಸಿಕ್ಕಿದ್ದೇ ಕೆಟ್ಟುನಿಂತ ಲಿಫ್ಟಿನಲ್ಲಿ. ಒಳಗೆ ನಾನು, ಹೊರಗೆ ಅವನ ದನಿ. "ಮೇಡಂ, ಅರ್ಜೆಂಟಾ?" "ಹೌದು." "ಹಾಗಾದ್ರೆ ನಿಧಾನಕ್ಕೆ ತೆಗೀತೀನಿ. ಇನ್ನೂ ಸ್ವಲ್ಪ ಮಾತಾಡ್ತಿರಿ." ಬಾಗಿಲು ತೆರೆದಾಗ ಮುಖವೆಲ್ಲ ಗ್ರೀಸು, ಕಣ್ಣು ಮಾತ್ರ ತೊಳೆದಿಟ್ಟ ಹಾಗೆ.

"ಮೆಷಿನ್ ನಿಮ್ಮ ಹತ್ರ ಇದೆ ಅಲ್ವಾ ಅತ್ತಿಗೆ?" ಎಂದಳು ನಾದಿನಿ.

ನಾನು ಅವಳ ಕೈಯಿಂದ ಲೋಟ ತೆಗೆದುಕೊಂಡೆ.

"ಕೊಡಿ ಅನ್ನೋ ಧೈರ್ಯ ನಂಗಿಲ್ಲ. ಆದ್ರೆ ಮಲಗೋಕೆ ಭಯ ಆಗುತ್ತೆ. ಕೂತ್ಕೊಂಡೇ ಬೆಳಗು ಮಾಡ್ತಿದೀನಿ."

ಬೀರು ತೆಗೆದೆ. "ಚಪ್ಪಲಿ ಹಾಕ್ಕೋ" ಎಂದೆ.

ಲ್ಯಾಬಿನಲ್ಲಿ ಹಸಿರು ಪರದೆ, ಎರಡು ಕುರ್ಚಿ, ಒಂದು ಕಂಪ್ಯೂಟರು. ಕನ್ನಡಕವನ್ನು ತಲೆಯ ಮೇಲೇರಿಸಿಕೊಂಡಿದ್ದ ಟೆಕ್ನಿಷಿಯನ್ ಎದ್ದು ನಿಂತಳು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. ನನ್ನ ಕೈಯಲ್ಲಿದ್ದ ಯಂತ್ರದತ್ತ ಬೆರಳು ತೋರಿಸಿದಳು.

"ಈ ಗುಂಡಿ ಅವರಿಗೆ ಹೇಳಿಕೊಟ್ಟಿದ್ದೆ. ಎದೆ ಹಾರಿದ ಹಾಗಾದ್ರೆ, ಸಂಕಟ ಆದ್ರೆ ಒತ್ತಿ ಅಂತ. ಒತ್ತಿದ ಕಡೆ ಗುರುತು ಬೀಳುತ್ತೆ. ಡಾಕ್ಟರು ಮೊದಲು ಹುಡುಕೋದೇ ಅಲ್ಲಿ. ಆವತ್ತು ಏನಾದ್ರೂ ತೊಂದರೆ ಆಯ್ತು ಅಂದ್ರಾ?"

ನಾನು ಆ ಗುಂಡಿಯ ಮೇಲೆ ಹೆಬ್ಬೆರಳಿಟ್ಟೆ.

ಅವನು ಯಂತ್ರ ಕಟ್ಟಿಸಿಕೊಂಡು ಬಂದ ಸಂಜೆ ನಾನು ಕನ್ನಡಿಯ ಮುಂದೆ ತಲೆ ಬಾಚುತ್ತಿದ್ದೆ. ಹಿಂದಿನಿಂದ ಟಕ್ ಎಂದಿತು. ಕನ್ನಡಿಯಲ್ಲೇ ನೋಡಿದೆ. ಅವನು ಅಮಾಯಕನ ಹಾಗೆ ಸೂರು ನೋಡುತ್ತಿದ್ದ.

"ಏನದು?"

"ಡಾಕ್ಟರ ಆರ್ಡರು. ಎದೆ ಹಾರಿದಾಗೆಲ್ಲ ಒತ್ತಬೇಕಂತೆ."

"ತಲೆ ಬಾಚಿದ್ದಕ್ಕಾ?"

"ಈಗ ಕಣ್ಣೆತ್ತಿ ನೋಡಿದೆಯಲ್ಲ, ಅದಕ್ಕೆ ಬೇರೆ." ಟಕ್.

"ನಾಳೆ ಅವರು ನೋಡಿದ್ರೆ ಮಾನ ಹೋಗುತ್ತೆ ಕಣೋ."

"ಹೋಗ್ಲಿ. ಕಾಯಿಲೆ ಏನು ಅಂತಾದ್ರೂ ಗೊತ್ತಾಗಲಿ."

ಊಟಕ್ಕೆ ಕರೆದಾಗ ಒತ್ತಿದ. ನಾನು ಬೈದಾಗ ಒತ್ತಿದ. ದೀಪ ಆರಿಸುವ ತನಕ ಒತ್ತುತ್ತಲೇ ಇದ್ದ.

ಈಗ ನಾನು ಸುಮ್ಮನಿದ್ದರೆ ಅವೆಲ್ಲ ಕಾಯಿಲೆಯ ಗುರುತುಗಳಾಗುತ್ತವೆ. ಡಾಕ್ಟರು ತಪ್ಪು ಜಾಗದಲ್ಲಿ ಹುಡುಕುತ್ತಾರೆ. ಪಕ್ಕದ ಕುರ್ಚಿಯಲ್ಲಿ ನಾದಿನಿ ನಿದ್ದೆಯಿಲ್ಲದ ಕಣ್ಣುಗಳಲ್ಲಿ ನನ್ನನ್ನೇ ನೋಡುತ್ತಿದ್ದಳು.

"ಸಂಜೆ ಬಿದ್ದಿರೋ ಗುರುತುಗಳನ್ನ ಬಿಟ್ಟುಬಿಡಿ. ಅದು ಸಂಕಟಕ್ಕೆ ಒತ್ತಿದ್ದಲ್ಲ" ಎಂದೆ.

"ಹಾಗೆ ಬಿಡೋಕಾಗಲ್ಲ ಮೇಡಂ." ಅವಳು ಪೆನ್ನು ತೆಗೆದಳು. "ಕಾರಣ ಅಂತ ಏನಾದ್ರೂ ಬರೀಬೇಕು."

"ಹೆಂಡತಿ ಅಂತ ಬರೀರಿ."

ಪೆನ್ನು ಒಂದು ಕ್ಷಣ ನಿಂತಿತು. ಆಮೇಲೆ ಅವಳು ತಲೆ ತಗ್ಗಿಸಿ ಬರೆದಳು. ನಾದಿನಿ ನನ್ನ ಮೊಣಕೈ ಹಿಡಿದುಕೊಂಡಳು.

"ರಾತ್ರಿ ಗುರುತು ಇದ್ರೆ?" ಟೆಕ್ನಿಷಿಯನ್ ಮೆಲ್ಲಗೆ ಕೇಳಿದಳು.

"ರಾತ್ರಿ ನಾನು ನಿದ್ದೆ ಮಾಡ್ತಿದ್ದೆ. ಅಲ್ಲಿ ಇದ್ರೆ ಅದು ನಿಜವಾದದ್ದು."

ಜೋತಾಡುತ್ತಿದ್ದ ತಂತಿಗಳನ್ನು ಸುತ್ತಿ, ಯಂತ್ರವನ್ನು ಅವಳ ಕೈಗಿಟ್ಟೆ.