ಗುರುವಾರದ ಯಂತ್ರ

“ರವಿಕೆ ಬಿಚ್ಚು,” ಎಂದಳು ಅತ್ತೆ ಸಿದ್ದಗಂಗಮ್ಮ, ಗುರುವಾರ ಬೆಳಗ್ಗೆ ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತು. ಕೈಯಲ್ಲಿ ಮಠದ ವಿಭೂತಿಯ ಡಬ್ಬಿ. ಆ ದನಿ ಕೇಳಿದರೆ ಬಡವನಹಳ್ಳಿಯಲ್ಲಿ ಹಾಲು ಒಲೆ ಹೊತ್ತಿಸದೆಯೇ ಉಕ್ಕುತ್ತಿತ್ತು, ಸಂತೆಗೆ ಬಂದ ಹೋರಿಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತಿದ್ದವು. ಇಪ್ಪತ್ತನಾಲ್ಕು ವರ್ಷದಿಂದ ಆ ದನಿಯ ಕೆಳಗೇ ಬಾಳಿದ ಗಂಗಾಲಕ್ಷ್ಮಿ ಏನು ಮಾಡಿಯಾಳು? ಬಿಚ್ಚಿದಳು. ಅತ್ತೆ ಅವಳ ಎಡ ಎದೆಗೆ, ಕಂಕುಳಿಗೆ, ಗೋಡೆಗೆ ಸುಣ್ಣ ಬಳಿದಂತೆ ವಿಭೂತಿ ಬಳಿದಳು.

ಒಂದು ತಿಂಗಳ ಹಿಂದೆ, ಸ್ನಾನ ಮಾಡುವಾಗ, ಗೋಲಿಯಷ್ಟು ಗಂಟೊಂದು ಅಲ್ಲಿ ಅವಳ ಬೆರಳಿಗೆ ಸಿಕ್ಕಿತ್ತು. ಅಂದಿನಿಂದ ಅದು ಬೆಳೆದು ಬೆಳೆದು ಮಧುಗಿರಿ ಬೆಟ್ಟವಾಗಿ ಅವಳ ಉಸಿರಿನ ಮೇಲೇ ಕೂತಿತ್ತು... ಕಣ್ಣು ಮುಚ್ಚಿದರೂ ಅದೇ, ಮುದ್ದೆ ತಿರುವಿದರೂ ಅದೇ! ಊರಿನ ಡಾಕ್ಟರಮ್ಮ ಚೀಟಿ ಬರೆದು, ಮಧುಗಿರಿಯ ಸ್ಕ್ಯಾನಿಂಗ್ ಸೆಂಟರಿನಲ್ಲಿ ಮ್ಯಾಮೋಗ್ರಾಂ ಮಾಡಿಸಿ, ತಡ ಮಾಡಬೇಡಿ ಎಂದಿದ್ದರು. ಗಂಡ ನಟರಾಜು ಚೀಟಿ ನೋಡಿದ, ತಾಯಿಯ ಮುಖ ನೋಡಿದ, ಟೆಂಪೊ ಹತ್ತಿ ಶಿರಾ ಕಡೆ ಹೊರಟುಬಿಟ್ಟ. ಅವನ ಧೈರ್ಯವೆಲ್ಲ ಟೆಂಪೊದ ಹಾರನ್ನಿನಲ್ಲಿತ್ತು.

ಸಿದ್ದಗಂಗಮ್ಮನ ಚಿಂತೆಯೇ ಬೇರೆ. ಮೊಮ್ಮಗಳು ಸಹನಾಳನ್ನು ತಮ್ಮ ಮಗನಿಗೆ ನೋಡಿ ಒಪ್ಪಿದ್ದ ಬರಗೂರಿನ ಪರ್ವತಯ್ಯ, ಈ ಭಾನುವಾರ ಮಾತು ಮುಗಿಸಲು ಬರುವವರಿದ್ದರು. ಹುಡುಗಿಯ ತಾಯಿಗೆ ಎದೆಯಲ್ಲಿ ಗಂಟು ಎಂಬ ಸುದ್ದಿ ಹೊರಬಿದ್ದರೆ?

“ಕಾಯಿಲೆ ಮನೆ ಅಂತಾರೆ ಕಣೆ. ಮದ್ವೆ ಆಗೋಗ್ಲಿ, ಆಮ್ಯಾಕೆ ಏನಾರ ಮಾಡಿಸ್ಕೊ ಬುಡು,” ಎಂದು ಆಕೆ ತಿಂಗಳಿಡೀ ಜಪಿಸಿದ್ದಳು. ಜಪ ಫಲಿಸದಿದ್ದಾಗ ಕಾವಲಿಗೆ ತಾನೇ ಸೊಸೆಯ ಹಿಂದೆ ಬಸ್ಸು ಹತ್ತಿದ್ದಳು.

ಆ ಸೆಂಟರಿನ ಬೋರ್ಡಾದರೂ ಎಷ್ಟುದ್ದ! ಎಂಆರ್‌ಐ, ಸಿಟಿ, ಮೂಳೆಯ ಗಟ್ಟಿತನ ಅಳೆಯುವುದು, ನರದ ರಕ್ತ ಓಡುವುದನ್ನು ನೋಡುವುದು... ಓದಿ ಮುಗಿಸುವಷ್ಟರಲ್ಲಿ ಬಸ್ಸು ಪಾವಗಡಕ್ಕೆ ಹೋಗಿ ವಾಪಸಾಗುತ್ತಿತ್ತು. ಇಷ್ಟೆಲ್ಲ ಇದ್ದರೂ ಮ್ಯಾಮೋಗ್ರಾಂ ಮಾತ್ರ ಗುರುವಾರಕ್ಕೊಮ್ಮೆ, ಅದನ್ನು ಮಾಡುವ ಮಂಗಳಾ ತುಮಕೂರಿನಿಂದ ಬಂದ ದಿನ. ಮೊದಲ ಗುರುವಾರ ಬೆಂಚಿನ ಮೇಲೆ ಬರಗೂರಿನವರಂತೆ ಕಾಣುವ ಹೆಂಗಸೊಬ್ಬಳು ಕೂತಿದ್ದಳೆಂದು ಅತ್ತೆ ಸೊಸೆಯನ್ನು ದರದರ ಎಳೆದು ಹೊರತಂದಳು. ಎರಡನೆಯ ಗುರುವಾರ ಯಂತ್ರವೇ ಕೆಟ್ಟು ಕೂತಿತ್ತು. ಗಂಗಾಲಕ್ಷ್ಮಿ ಆ ದಿನ ಮನೆಗೆ ಬಂದು ರಾಗಿ ಬೀಸುವ ಕಲ್ಲನ್ನು ಸುಮ್ಮನೆ ತಿರುಗಿಸಿದಳು. ರಾಗಿ ಹಾಕಿರಲೇ ಇಲ್ಲ.

ಇಂದು ಮೂರನೆಯ ಗುರುವಾರ.

ಒಳಗೆ ಮಂಗಳಾ ಕೇಳಿದಳು, ಪೌಡರ್, ಕ್ರೀಮು, ಸೆಂಟು ಏನಾದರೂ ಹಚ್ಚಿದ್ದೀರಾ ಎಂದು. ಜನ್ಮದಲ್ಲೇ ಪೌಡರ್ ಮುಟ್ಟದ ಗಂಗಾಲಕ್ಷ್ಮಿ ಇಲ್ಲವೆಂದು ತಲೆಯಾಡಿಸಿದಳು. ಎರಡು ಹಲಗೆಗಳು ಎದೆಯನ್ನು ಅಕ್ಕಿ ರೊಟ್ಟಿಯಂತೆ ಅದುಮಿದವು. ಹಲ್ಲು ಕಚ್ಚಿದ ಸದ್ದು ಶಿರಾಕ್ಕೂ ಕೇಳಿಸಿರಬೇಕು.

ಅರ್ಧ ಗಂಟೆಯ ಮೇಲೆ ರೇಡಿಯಾಲಜಿಯ ಡಾಕ್ಟರು ಒಳಗೆ ಕರೆದರು. ಪರದೆಯ ಮೇಲೆ ರವೆ ಚೆಲ್ಲಿದಂತೆ ಬಿಳಿ ಚುಕ್ಕೆಗಳು... ನೂರಾರು! ಇಂಥ ಚುಕ್ಕೆ ಒಳ್ಳೆಯದಲ್ಲ, ತುಮಕೂರಿನಲ್ಲಿ ಸೂಜಿ ಪರೀಕ್ಷೆ ಬೇಕಾಗಬಹುದು ಎಂದರವರು. ಗಂಗಾಲಕ್ಷ್ಮಿಗೆ ನೆಲ ಕಾಣಲಿಲ್ಲ. ಸಹನಾಳ ಮದುವೆ, ಅವಳ ಬಾಣಂತನ, ಇನ್ನೂ ಹುಟ್ಟದ ಮೊಮ್ಮಕ್ಕಳ ನಾಮಕರಣ, ಎಲ್ಲವೂ ತಾನಿಲ್ಲದೆ ಕಣ್ಣ ಮುಂದೆ ನಡೆದುಹೋದವು.

ಅಷ್ಟರಲ್ಲಿ ಮಂಗಳಾ ಬಾಗಿಲಲ್ಲಿ ನಿಂತಳು, ಬೆರಳ ತುದಿಯಲ್ಲಿ ಬಿಳಿ ಪುಡಿ. “ಅಮ್ಮಾ, ಹಲಗೆ ಮೇಲೆ ಇದೇನಿದು?”

“ವಿಭೂತಿ.”

“ಪೌಡರ್ ಹಚ್ಚಿದ್ದೀರಾ ಅಂತ ಕೇಳಿದ್ನಲ್ಲಮ್ಮ.”

“ಪೌಡರ್ ಎಲ್ಲಿ ಹಚ್ಚಿದೀನಿ? ವಿಭೂತಿನ ಯಾರಾದ್ರೂ ಪೌಡರ್ ಅಂತಾರಾ?”

ಡಾಕ್ಟರು ಹಣೆ ಹಿಡಿದುಕೊಂಡರು. ಸೋಪು ಹಾಕಿ ತೊಳೆಸಿ, ಮತ್ತೆ ಅದುಮಿಸಿ ನೋಡಿದರೆ ಒಂದು ಚುಕ್ಕೆಯೂ ಇಲ್ಲ! ಗಂಟಿನ ಮೇಲೆ ಸ್ಕ್ಯಾನ್ ಮಾಡಿದರೆ ಅದು ಬರೀ ನೀರಿನ ಗುಳ್ಳೆ. ಆರು ತಿಂಗಳ ನಂತರ ತೋರಿಸಿದರೆ ಸಾಕು ಎಂದು ಕಳಿಸಿದರು.

ಹೊರಗೆ ಬೆಂಚಿನಲ್ಲಿದ್ದ ಸಿದ್ದಗಂಗಮ್ಮ ಸುದ್ದಿ ಕೇಳಿ ಕೋಟೆ ಗೆದ್ದವಳಂತೆ ಎದ್ದಳು. “ನೋಡ್ದಾ? ಒಂದೇ ಸಲ ಹಚ್ಚಿದ್ದಕ್ಕೆ ಕರಗೋಯ್ತು.”

ಇಪ್ಪತ್ತನಾಲ್ಕು ವರ್ಷ ಗಂಗಾಲಕ್ಷ್ಮಿ ನುಂಗಿದ್ದ ಮಾತೆಲ್ಲ ಕೆರೆ ಕೋಡಿ ಬಿದ್ದಂತೆ ನುಗ್ಗಿತು. ಹಚ್ಚಿದ್ದರಿಂದಲೇ ತಾನು ಅರ್ಧ ಗಂಟೆ ಸತ್ತು ಬದುಕಿದ್ದು, ಮೂರು ಗುರುವಾರ ಉಸಿರು ಹಿಡಿದು ಕಳೆದದ್ದು, ಎಲ್ಲವನ್ನೂ ಅತ್ತೆಯ ಮುಖದ ಮೇಲೇ ಹೇಳಿದಳು. “ವಿಭೂತಿಯಿಂದ ಯಾವ ಗಂಟೂ ಕರಗಲ್ಲ ಅತ್ತೆ. ಹಣೆಗೆ ಇಟ್ಕಳಿ, ಬ್ಯಾಡ ಅನ್ನಲ್ಲ. ಗಂಟಿಗೆ ಹಚ್ಚಿ ಜನಾನ ಸಾಯಿಸ್ಬ್ಯಾಡಿ.”

ಮುದುಕಿ ಬೆಂಚಿನ ಮೇಲೆ ಕುಸಿದು, ಸೆರಗನ್ನು ಎದೆಗೆ ಬಿಗಿಯಾಗಿ ಎಳೆದುಕೊಂಡಳು. ಆಮೇಲೆ ಕೇಳಿಸಿದ ದನಿ ಆಕೆಯದೇ ಎಂದು ನಂಬುವುದಕ್ಕಾಗಲಿಲ್ಲ.

“ಅದ್ಕೇ ನಂದು ಕರಗಿಲ್ವಾ? ಎಲ್ಡು ವರ್ಷದಿಂದ ಹಚ್ತಾ ಇದೀನಿ ಕಣೆ.”

ಗಂಗಾಲಕ್ಷ್ಮಿಯ ಸಿಟ್ಟು ನಿಂತಲ್ಲೇ ನಿಂತಿತು... ಎಂಥ ಹೆಂಗಸು! ಹೋಬಳಿಯನ್ನೆಲ್ಲ ಹೆದರಿಸಿ, ಎದೆಯಲ್ಲಿ ನಿಂಬೆಗಾತ್ರದ ಭಯ ಬಚ್ಚಿಟ್ಟುಕೊಂಡು, ಕಾಯಿಲೆ ಮನೆ ಎನ್ನುವ ಮಾತಿಗೆ ತಾನೇ ನಡುಗುತ್ತ ಕೂತವಳು! ಸೊಸೆ ತೋಳು ಹಿಡಿದು ಎಬ್ಬಿಸಿದಳು, ಬಚ್ಚಲಿನ ನಲ್ಲಿಯ ಬಳಿ ಅತ್ತೆಯ ಎದೆಯ ವಿಭೂತಿಯನ್ನು ತಾನೇ ತೊಳೆದಳು, ಚೀಲ ಕಟ್ಟುತ್ತಿದ್ದ ಮಂಗಳಾಳ ಎದುರು ಹೋಗಿ ಕೈಮುಗಿದು ನಿಂತಳು.

ಈ ಸಲ ಡಾಕ್ಟರು ಬಹಳ ಹೊತ್ತು ಪರದೆ ನೋಡಿದರು, ಕಡಿಮೆ ಮಾತಾಡಿದರು. ನಾಳೆಯೇ ತುಮಕೂರಿಗೆ ಹೊರಡಿ, ಒಂದು ದಿನವೂ ಕಾಯಬೇಡಿ ಎಂದರು.

ಬಟ್ಟೆ ಬದಲಿಸುವ ಕೋಣೆಯಲ್ಲಿ ಸಿದ್ದಗಂಗಮ್ಮ ಗೋಗರೆದಳು. “ಭಾನುವಾರ ಒಂದು ಕಳೀಲಿ ಗಂಗಿ. ಮಗೀನ ಮದ್ವೆ ಮಾತು.”

ಗಂಗಾಲಕ್ಷ್ಮಿ ಆಗಲೇ ಪರ್ವತಯ್ಯನವರಿಗೆ ಫೋನು ಹಚ್ಚಿದ್ದಳು. ಅತ್ತೆಯ ಎದೆಯಲ್ಲಿ ಗಂಟಿದೆ, ನಾಳೆ ಆಸ್ಪತ್ರೆಗೆ ಹೋಗುತ್ತಿದ್ದೇವೆ, ಈ ಭಾನುವಾರ ಆಗುವುದಿಲ್ಲ ಎಂದಳು. ಒಂದು ಅಕ್ಷರವನ್ನೂ ಮುಚ್ಚಿಡಲಿಲ್ಲ. ಆ ಕಡೆಯಿಂದ, ಮನೆಯಲ್ಲಿ ಮಾತಾಡಿ ತಿಳಿಸುತ್ತೇವೆ ಎಂಬ ತಣ್ಣನೆಯ ಉತ್ತರ ಬಂದು ಫೋನು ನಿಂತಿತು. ಅದರ ಅರ್ಥ ಇಬ್ಬರಿಗೂ ಗೊತ್ತಿತ್ತು.

“ಮುರುದೋಯ್ತು,” ಎಂದಳು ಮುದುಕಿ.

“ಮುರೀಲಿ. ಸಹನಾಗೆ ನಾನು ಹೇಳ್ತೀನಿ. ನೆಟ್ಟಗೆ ನಿಂತ್ಕಳಿ ಅತ್ತೆ, ಹುಕ್ಕು ಹಾಕ್ತೀನಿ.”

ಸಿದ್ದಗಂಗಮ್ಮ ನಿಂತಳು. ಗದ್ದ ಮೇಲೆತ್ತಿ, ಕಣ್ಣು ಮುಚ್ಚಿ, ಹೇಳಿದ ಮಾತು ಕೇಳಿಕೊಂಡು.